ಐಹೊಳೆಯ ಬೌದ್ಧ ಗುಡಿಗೆ ಮಕ್ಕಳನ್ನು ಕರೆದುಕೊಂಡು ಹೋಗಬೇಕು, ಅಲ್ಲಿ ಏನೇನು ತೋರಿಸಲಿ?

ಬೈಲಹೊಂಗಲ ಟೀಚರ್
ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ನಮ್ಮ ಎಂಟನೇ ತರಗತಿ ಮಕ್ಕಳನ್ನು ಬಾದಾಮಿ, ಪಟ್ಟದಕಲ್ಲು, ಐಹೊಳೆಗೆ ಪ್ರವಾಸ ಕರೆದುಕೊಂಡು ಹೋಗುತ್ತಿದ್ದೇವೆ. ಮೊದಲು ನಾವೇ ನೋಡಿಕೊಂಡು ಬರೋಣ ಅಂತ ಹೋದ ವಾರ ಮನೆಯವರ ಜೊತೆ ಐಹೊಳೆಗೆ ಹೋಗಿದ್ದೆ. ದುರ್ಗ ಗುಡಿ, ಲಾಡಖಾನ್ ಗುಡಿ ಎಲ್ಲವನ್ನೂ ಚೆನ್ನಾಗಿ ತೋರಿಸಿದ ಗೈಡ್, ಮೇಗುತಿ ಗುಡ್ಡ ಹತ್ತುವಾಗ ಮಾತ್ರ ಅವಸರ ಮಾಡಿದರು. ತುದಿ ಮುಟ್ಟಲು ಇನ್ನು ಕೆಲವೇ ಮೆಟ್ಟಿಲು ಇರುವಾಗ ಬಂಡೆಗೆ ಆತುಕೊಂಡು ಎರಡು ಅಂತಸ್ತಿನ ಗುಡಿ ಸಿಗುತ್ತದಲ್ಲ, ಅದರ ಮುಂದೆ "ಇದು ಬೌದ್ಧರದು, ಇಲ್ಲೇನಿಲ್ಲ, ಮೇಲೆ ನಡೀರಿ" ಅಂದುಬಿಟ್ಟರು.

ನನಗೆ ಮನಸ್ಸು ಒಪ್ಪಲಿಲ್ಲ. ಅವರನ್ನು ಮುಂದೆ ಕಳಿಸಿ ನಾನು ಅಲ್ಲೇ ನಿಂತೆ. ಏನಿಲ್ಲ ಅಂದ ಜಾಗದ ಬಾಗಿಲವಾಡದಲ್ಲಿ ಸಣ್ಣ ಸಣ್ಣ ಗೊಂಬೆಗಳ ಸಾಲೇ ಇದೆ! ಎದುರಿಗೆ ತಲೆ ಇಲ್ಲದ ಬುದ್ಧನ ಮೂರ್ತಿ. ನಮ್ಮ ಮಕ್ಕಳು ಕೇಳೇ ಕೇಳುತ್ತಾರೆ: ಇಲ್ಲಿಗೆ ಬುದ್ಧ ಹೇಗೆ ಬಂದ? ಯಾರು ಕಟ್ಟಿದರು? ತಲೆ ಎಲ್ಲಿ ಹೋಯ್ತು? ಪಾಠ ಮಾಡುವಾಗ ನಾವು ಪುಲಿಕೇಶಿ, ರವಿಕೀರ್ತಿ ಅಂತ ಹೇಳಿ ಮುಂದೆ ಹೋಗುತ್ತೇವೆ. ಈ ಗುಡಿ ಬಗ್ಗೆ ಗೊತ್ತಿರುವವರು ದಯವಿಟ್ಟು ಹೇಳಿ.

ಹುನಗುಂದದ ಹುಡುಗ
ಟೀಚರ್, ಕೇಳಿದ್ದು ಬಹಳ ಒಳ್ಳೇದಾಯ್ತು. ಗುಡ್ಡ ಹತ್ತುವವರು ಶಾಸನ ನೋಡಿ, ಮೇಲಿಂದ ಊರಿನ ಫೋಟೋ ತೆಗೆದುಕೊಂಡು ಇಳಿದುಬಿಡ್ತಾರೆ. ಐಹೊಳೆಯಲ್ಲಿ ನೂರಕ್ಕೂ ಜಾಸ್ತಿ ಗುಡಿಗಳಿವೆ. ಬೌದ್ಧರದು ಅಂತ ಇರೋದು ಇದೊಂದೇ. ಅದನ್ನೇ ಬಿಟ್ಟು ಬಂದರೆ ಹೇಗೆ?

ಶಾಸನದ ಹಾದಿ
ಅಲ್ಲಿ ನಿಂತು ನೋಡಬೇಕಾದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ ಟೀಚರ್.

ಮೊದಲು ಸ್ವಲ್ಪ ಹಿಂದೆ ಸರಿದು ಗುಡಿಯ ಇಡೀ ಮುಖವನ್ನು ಮಕ್ಕಳಿಗೆ ತೋರಿಸಿ. ಕೆಳಗೊಂದು ಪಡಸಾಲೆ, ಅದರ ಮೇಲೆ ಇನ್ನೊಂದು. ಒಂದೊಂದರಲ್ಲೂ ನಾಲ್ಕು ಪೂರ್ತಿ ಕಂಬ, ಎರಡೂ ಬದಿಯ ಗೋಡೆಗೆ ಅಂಟಿಕೊಂಡ ಅರೆಗಂಬ. ನಮ್ಮ ಕಡೆಯ ಹಳೇ ವಾಡೆಗಳ ಮುಂಭಾಗ ಇದ್ದ ಹಾಗೇ ಕಾಣುತ್ತೆ.

ಆಮೇಲೆ ಒಳಗೆ ಕರೆದುಕೊಂಡು ಹೋಗಿ. ಈ ಗುಡಿಯ ವಿಶೇಷ ಇಲ್ಲಿದೆ. ಮುಂದಿನ ಭಾಗವನ್ನು ಕಲ್ಲು ಕಡಿದು ತಂದು, ಒಂದರ ಮೇಲೊಂದು ಇಟ್ಟು ಕಟ್ಟಿದ್ದಾರೆ. ಹಿಂದಿನ ಭಾಗ ಗುಡ್ಡದ ಬಂಡೆಯನ್ನೇ ಕೊರೆದು ಮಾಡಿದ್ದು. ಕಟ್ಟಿದ್ದು ಎಲ್ಲಿ ಮುಗೀತು, ಕೊರೆದದ್ದು ಎಲ್ಲಿ ಶುರುವಾಯ್ತು ಅಂತ ಹುಡುಕೋಕೆ ಮಕ್ಕಳಿಗೇ ಬಿಡಿ. ಕಲ್ಲುಗಳ ನಡುವೆ ಸಂದು ಕಾಣುವವರೆಗೆ ಕಟ್ಟಡ. ಸಂದು ನಿಂತಲ್ಲಿಂದ ಗುಡ್ಡ. ಬಾದಾಮಿಯಲ್ಲಿ ಪೂರ್ತಿ ಕೊರೆದ ಗುಹೆ ನೋಡುತ್ತೀರಿ, ಪಟ್ಟದಕಲ್ಲಿನಲ್ಲಿ ಪೂರ್ತಿ ಕಟ್ಟಿದ ಗುಡಿ ನೋಡುತ್ತೀರಿ. ಎರಡೂ ಕೆಲಸ ಒಂದೇ ಕಡೆ ಸೇರಿರುವುದನ್ನು ಇಲ್ಲಿ ಕೈಯಿಟ್ಟು ತೋರಿಸಬಹುದು.

ಮೂರನೆಯದು ಕೆಳಗಿನ ಬಾಗಿಲವಾಡ. ನೀವು ಕಂಡ ಗೊಂಬೆಗಳು ಸುಮ್ನೆ ಅಲಂಕಾರಕ್ಕೆ ಮಾಡಿದವಲ್ಲ. ಬುದ್ಧನ ಕಥೆಗಳನ್ನು ಸಣ್ಣ ಸಣ್ಣ ಚೌಕಗಳಲ್ಲಿ ಕೆತ್ತಿದ್ದಾರೆ. ಸವೆದಿರುವುದರಿಂದ ಎದುರಿಗೆ ನಿಂತರೆ ಬರೀ ಉಬ್ಬು ತಗ್ಗು ಕಾಣುತ್ತೆ. ಟಾರ್ಚ್ ಹಿಡಿದರೆ ಎದುರಿಂದ ಹಿಡಿಯಬೇಡಿ, ಪಕ್ಕದಿಂದ ಹಿಡಿಯಿರಿ. ನೆರಳು ಬಿದ್ದ ಕೂಡಲೇ ಕೈ, ಕಾಲು, ಕೂತ ಭಂಗಿ ಎಲ್ಲಾ ಎದ್ದು ಬರುತ್ತೆ.

ಕೊನೆಗೆ ಮೇಲಿನ ಪಡಸಾಲೆ. ಅಲ್ಲಿ ನಡುವಿನ ಅಂಕಣದಲ್ಲಿ ನಿಂತು ತಲೆ ಎತ್ತಿ ನೋಡಿ. ಚಾವಣಿಯಲ್ಲಿ ಕೂತ ಬುದ್ಧ ಇದ್ದಾನೆ, ಮೇಲೆ ಕೊಡೆ. ಬಂದವರಲ್ಲಿ ಅರ್ಧಕ್ಕರ್ಧ ಜನ ಇದನ್ನು ನೋಡದೇ ಹೋಗ್ತಾರೆ, ಯಾಕಂದ್ರೆ ಯಾರೂ ತಲೆ ಎತ್ತೋದಿಲ್ಲ.

ಇಂಡಿ ನಿಂಬೆತೋಟ
ಒಂದು ಸಂಶಯ ಸರ್. ಅದು ಜೈನ ಬಸದಿ ಅಲ್ವಾ? ಗುಡ್ಡದ ಮೇಲಿರೋದು ಜೈನ ಗುಡಿ. ಅಲ್ಲಿ ಶಾಸನ ಬರೆದ ರವಿಕೀರ್ತಿ ಜೈನ. ಗುಡ್ಡದಲ್ಲೇ ಇನ್ನೊಂದು ಜೈನ ಗುಹೆ ಬೇರೆ ಇದೆ. ಇದೊಂದು ಮಾತ್ರ ಬೌದ್ಧರದು ಹೇಗಾಗುತ್ತೆ? ಕೂತ ಮೂರ್ತಿ ಅಂದ್ರೆ ತೀರ್ಥಂಕರನೂ ಕೂತಿರ್ತಾನೆ.

ಶಾಸನದ ಹಾದಿ
ನಿಂಬೆತೋಟದವರೇ, ಗುಡ್ಡದಲ್ಲಿ ಜೈನ ಗುಹೆ ಇರೋದು ನಿಜ. ಅದರಲ್ಲಿ ಪಾರ್ಶ್ವನಾಥ ಇದ್ದಾನೆ, ಬಾಹುಬಲಿ ಇದ್ದಾನೆ. ಆದರೆ ನಾವು ಮಾತಾಡ್ತಿರೋ ಗುಡಿ ಬೇರೆ.

ಗುರುತು ಹಿಡಿಯೋದು ಕಷ್ಟ ಏನಲ್ಲ. ನಮ್ಮ ಕಡೆ ಬಸದಿಗಳ ತೀರ್ಥಂಕರನಿಗೆ ಬಟ್ಟೆ ಇರೋದಿಲ್ಲ, ತಲೆ ಮೇಲೆ ಸಾಮಾನ್ಯವಾಗಿ ಮೂರು ಕೊಡೆ ಇರುತ್ತೆ. ಬುದ್ಧನಿಗೆ ಚೀವರ ಇರುತ್ತೆ. ಆ ಬಟ್ಟೆಯ ಅಂಚು ಎದೆ ಮೇಲೆ ಓರೆಯಾಗಿ ಗೆರೆಯ ಹಾಗೆ ಬಂದಿರುತ್ತೆ, ಎಷ್ಟೋ ಮೂರ್ತಿಗಳಲ್ಲಿ ಬಲ ಭುಜ ಬರಿದಾಗಿರುತ್ತೆ. ತಲೆ ಇಲ್ಲದ ಮೂರ್ತಿಯಲ್ಲೂ ಬಟ್ಟೆ ನೋಡಿ ಬುದ್ಧ ಅಂತ ಹೇಳಬಹುದು.

ಬೈಲಹೊಂಗಲ ಟೀಚರ್
ಇದು ನನಗೆ ಬೇಕಾಗಿದ್ದ ಉತ್ತರ. ಮಕ್ಕಳಿಗೆ "ಬಟ್ಟೆಯ ಅಂಚು ಹುಡುಕಿ" ಅಂತ ಕೆಲಸ ಕೊಡಬಹುದು. ಬಾದಾಮಿಯ ನಾಲ್ಕನೇ ಗುಹೆಯಲ್ಲಿ ತೀರ್ಥಂಕರರನ್ನು ಮೊದಲೇ ನೋಡಿರುತ್ತಾರೆ, ಹೋಲಿಸಿ ನೋಡೋಕೆ ಸುಲಭ.

ಚಡಚಣದವ
ಎಲ್ಲಾ ಸರಿ. ಆದರೆ ಇರೋ ವಿಷಯ ನೇರವಾಗಿ ಹೇಳಿ. ಬೌದ್ಧರನ್ನು ಓಡಿಸಿದ್ದಾರೆ, ಮೂರ್ತಿ ತಲೆ ಹೊಡೆದಿದ್ದಾರೆ. ಅದಕ್ಕೇ ಒಂದೇ ಗುಡಿ ಉಳಿದಿದೆ. ಇದನ್ನು ಮಕ್ಕಳಿಗೆ ಹೇಳದೇ ಕಂಬ, ಚಾವಣಿ ತೋರಿಸಿದರೆ ಏನು ಬಂತು?

ಬಾದಾಮಿ ಕಾಕಾ
ತಮ್ಮಾ, ತಲೆ ಹೊಡೆದವರು ಯಾರು ಅಂತ ಯಾವ ಶಾಸನದಲ್ಲಿದೆ? ಕಲ್ಲಿನ ಮೂರ್ತಿಗೆ ಕುತ್ತಿಗೆಯೇ ಬಹಳ ನಾಜೂಕು ಜಾಗ. ಒಳಗಿದ್ದದ್ದನ್ನು ಹೊರಗೆ ತಂದು ಇಟ್ಟಿರೋ ಹಾಗೆ ಕಾಣುತ್ತೆ. ಎತ್ತುವಾಗ ಬಿದ್ದರೂ ಮುರಿಯುತ್ತೆ, ಹೊಡೆದರೂ ಮುರಿಯುತ್ತೆ. ಪುರಾವೆ ಇಲ್ಲದೆ ಮಕ್ಕಳ ತಲೆಗೆ ಒಬ್ಬರ ಹೆಸರು ತುಂಬಬಾರದು.

ಇನ್ನು ಓಡಿಸಿದರು ಅನ್ನೋ ಮಾತು. ಚೀನಾದಿಂದ ಬಂದ ಹ್ಯೂಯೆನ್ ತ್ಸಾಂಗ್ ಎರಡನೇ ಪುಲಿಕೇಶಿಯ ರಾಜ್ಯಕ್ಕೆ ಕ್ರಿ.ಶ. 640ರ ಆಸುಪಾಸಿನಲ್ಲಿ ಬಂದಿದ್ದ. ಅವನೇ ಬೌದ್ಧ ಭಿಕ್ಷು. ಈ ರಾಜ್ಯದಲ್ಲಿ ಸುಮಾರು 100 ವಿಹಾರ, ಸುಮಾರು 5,000 ಭಿಕ್ಷುಗಳು ಇದ್ದರು ಅಂತ ಬರೆದಿದ್ದಾನೆ. ಓಡಿಸೋ ರಾಜನ ನಾಡಿನಲ್ಲಿ ಅಷ್ಟು ಜನ ಭಿಕ್ಷುಗಳು ಇರ್ತಿದ್ದರಾ?

ಚಡಚಣದವ
ಕಾಕಾ, ಅವನು ಹೇಳಿದ್ದು ಇಡೀ ರಾಜ್ಯದ ಲೆಕ್ಕ. ಮಹಾರಾಷ್ಟ್ರದ ಕಡೆ ಗುಹೆಗಳೆಲ್ಲಾ ಅದರಲ್ಲೇ ಬರುತ್ತವೆ. ಐಹೊಳೆಯಲ್ಲಿ ಉಳಿದಿರೋದು ಒಂದೇ ಅಲ್ವಾ, ನನ್ನ ಪ್ರಶ್ನೆ ಅದು.

ಮಲಪ್ರಭಾ ದಂಡೆ
ಇಬ್ಬರೂ ರಾಜರ ಬಗ್ಗೆಯೇ ಮಾತಾಡ್ತಿದ್ದೀರಿ. ಐಹೊಳೆ ಬರೀ ರಾಜರ ಊರಲ್ಲ, ವ್ಯಾಪಾರಸ್ಥರ ಊರು. "ಅಯ್ಯಾವೊಳೆ ಐನೂರ್ವರು" ಅಂತ ಕೇಳಿರ್ತೀರಿ. ಐಹೊಳೆಯ ಹಳೇ ಹೆಸರು ಹೊತ್ತುಕೊಂಡು ದಕ್ಷಿಣ ಭಾರತದ ತುಂಬಾ ವ್ಯಾಪಾರ ಮಾಡಿದ ಸಂಘ ಅದು. ತಮಿಳುನಾಡು, ಆಂಧ್ರದ ಶಾಸನಗಳಲ್ಲೂ ಅವರ ಹೆಸರು ಬರುತ್ತೆ.

ಬೌದ್ಧ ಧರ್ಮಕ್ಕೆ ಮೊದಲಿಂದಲೂ ದೊಡ್ಡ ಆಸರೆ ಅಂದ್ರೆ ವ್ಯಾಪಾರಿಗಳು. ದೂರ ಯಾಕೆ, ನಮ್ಮ ಪಕ್ಕದ ಗದಗ ಜಿಲ್ಲೆಯ ಡಂಬಳ ನೋಡಿ. ಅಲ್ಲಿ ಕ್ರಿ.ಶ. 1095ರ ಶಾಸನ ಇದೆ. ಆರನೇ ವಿಕ್ರಮಾದಿತ್ಯನ ಕಾಲ. ಆ ಊರಿನ 16 ಸೆಟ್ಟಿಗಳು ಕಟ್ಟಿಸಿದ ಬುದ್ಧ ವಿಹಾರದ ಬಗ್ಗೆ, ತಾರಾ ದೇವಿಯ ವಿಹಾರದ ಬಗ್ಗೆ ಅದರಲ್ಲಿದೆ. ಐಹೊಳೆ ಗುಡಿ ಕಟ್ಟಿ ಸುಮಾರು 500 ವರ್ಷ ಆದ ಮೇಲೂ ಇದೇ ಸೀಮೆಯಲ್ಲಿ ಸೆಟ್ಟಿಗಳು ಬುದ್ಧನಿಗೆ ವಿಹಾರ ಕಟ್ಟಿಸ್ತಿದ್ದರು ಅಂತಾಯ್ತು. ಒಂದೇ ದಿನದಲ್ಲಿ ಯಾರೋ ಬಂದು ಅಳಿಸಿಹಾಕಿದ ಕಥೆ ಇದಲ್ಲ. ನಿಧಾನಕ್ಕೆ ಆಸರೆ ಕಡಿಮೆ ಆಗುತ್ತಾ ಹೋಯ್ತು.

ಶಾಸನದ ಹಾದಿ
ದಂಡೆಯವರು ಹೇಳಿದ್ದು ಸರಿಯಾಗಿದೆ. ಅದಕ್ಕೆ ಇನ್ನೆರಡು ಸೇರಿಸುತ್ತೇನೆ. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯಲ್ಲಿ ಕ್ರಿ.ಶ. 1065ರಲ್ಲಿ ರೂಪಭಟ್ಟಯ್ಯ ಅನ್ನೋ ಮಂತ್ರಿ ಬೌದ್ಧ ವಿಹಾರ ಕಟ್ಟಿಸಿದ್ದಾನೆ. ಮಂಗಳೂರಿನ ಕದ್ರಿ ಮಂಜುನಾಥ ಗುಡಿಯಲ್ಲಿರೋ ಲೋಕೇಶ್ವರನ (ಬೌದ್ಧರ ಬೋಧಿಸತ್ವ) ಕಂಚಿನ ಮೂರ್ತಿ ಕ್ರಿ.ಶ. 968ರದ್ದು, ಆಳುಪ ರಾಜ ಕುಂದವರ್ಮನ ಕಾಲದ್ದು. ಕದ್ರಿಯ ಲೋಕೇಶ್ವರನಿಗೆ ಇವತ್ತಿಗೂ ಪೂಜೆ ಇದೆ.

ಹುನಗುಂದದ ಹುಡುಗ
ಗುಡಿ ಯಾವ ಕಾಲದ್ದು ಅಂತ ಯಾರೂ ಹೇಳಲೇ ಇಲ್ಲ.

ಶಾಸನದ ಹಾದಿ
ಕಂಬದ ರೀತಿ, ಕೆತ್ತನೆಯ ರೀತಿ ನೋಡಿ ಆರನೇ ಶತಮಾನದ ಕೊನೆಯ ಭಾಗ ಅಂತ ಹೇಳುತ್ತಾರೆ. ಮಕ್ಕಳಿಗೆ ಅಂದಾಜು ಸಿಗಲಿ ಅಂದ್ರೆ ಎರಡು ಗೂಟ ನೆಟ್ಟುಕೊಳ್ಳಿ. ಬಾದಾಮಿ ಮೂರನೇ ಗುಹೆಯಲ್ಲಿ ಚಾಲುಕ್ಯ ಮಂಗಲೇಶನ ಶಾಸನ ಇದೆ, ಶಕ 500, ಅಂದ್ರೆ ಕ್ರಿ.ಶ. 578. ಮೇಗುತಿ ಮೇಲಿನ ಜೈನ ಗುಡಿಯ ರವಿಕೀರ್ತಿ ಶಾಸನ ಶಕ 556, ಅಂದ್ರೆ ಕ್ರಿ.ಶ. 634-35. ಬೌದ್ಧ ಗುಡಿ ಸುಮಾರಾಗಿ ಈ ಎರಡರ ನಡುವೆ, ಮೊದಲನೆಯದಕ್ಕೆ ಹತ್ತಿರ.

ರವಿಕೀರ್ತಿ ಬರೆಯುವ ಹೊತ್ತಿಗೆ ಕೆಳಗಿನ ಬುದ್ಧ ಗುಡಿ ಆಗಲೇ ನಿಂತಿತ್ತು ಅಂತ ಇದರಿಂದ ಗೊತ್ತಾಗುತ್ತೆ. ತಮ್ಮ ಜಿನಾಲಯಕ್ಕೆ ಅದನ್ನು ದಾಟಿಕೊಂಡೇ ಹೋದವರು ಎಷ್ಟು ಜನ ಇದ್ದರೋ! ನನಗೆ ಆ ಗುಡ್ಡದಲ್ಲಿ ತುಂಬಾ ಇಷ್ಟವಾಗೋದು ಇದೇ. ಕೆಳಗೆ ಊರಲ್ಲಿ ಶಿವ, ವಿಷ್ಣು, ಸೂರ್ಯನ ಗುಡಿ. ಗುಡ್ಡ ಹತ್ತುವಾಗ ಬುದ್ಧ. ತುದಿಯಲ್ಲಿ ಜಿನ. ಅದರ ಹಿಂದೆ ಹೋದರೆ ಇವೆಲ್ಲಕ್ಕಿಂತ ಹಳೆಯ, ಬೃಹತ್ ಶಿಲಾಯುಗದ ಕಲ್ಲುಚಪ್ಪಡಿಯ ಗೋರಿಗಳು.

ಗೋಕಾಕ ಗಿರಣಿ
ಕಲ್ಲುಚಪ್ಪಡಿ ಗೋರಿ ಇರೋದು ನನಗೆ ಗೊತ್ತೇ ಇರಲಿಲ್ಲ. ದೊಡ್ಡ ಚಪ್ಪಡಿ ನಿಲ್ಲಿಸಿ ಮೇಲೊಂದು ಮುಚ್ಚಿರೋದಾ?

ಮಲಪ್ರಭಾ ದಂಡೆ
ಹೌದು ಅದೇ. ಜೈನ ಗುಡಿಯ ಹಿಂದೆ ಬಯಲಲ್ಲಿ ಹರಡಿಕೊಂಡಿವೆ. ಮಕ್ಕಳು ಮೇಲೆ ಹತ್ತೋಕೆ ನೋಡ್ತಾರೆ, ಬಿಡಬೇಡಿ.

ಇಂಡಿ ನಿಂಬೆತೋಟ
ರವಿಕೀರ್ತಿ ಶಾಸನದಲ್ಲಿ ಭಾರತ ಯುದ್ಧದಿಂದ ಎಷ್ಟು ವರ್ಷ ಅಂತ ಲೆಕ್ಕ ಇದೆ ಅಂತಾರೆ, ನಿಜವಾ?

ಶಾಸನದ ಹಾದಿ
ನಿಜ. ಭಾರತ ಯುದ್ಧ ಆಗಿ 3,735 ವರ್ಷ, ಶಕ 556 ಅಂತ ಎರಡೂ ಲೆಕ್ಕ ಕೊಟ್ಟಿದ್ದಾನೆ. ಭಾಷೆ ಸಂಸ್ಕೃತ, ಲಿಪಿ ಹಳಗನ್ನಡದ್ದು. ಹರ್ಷನನ್ನು ಪುಲಿಕೇಶಿ ಸೋಲಿಸಿದ್ದು ಇದರಲ್ಲೇ ಇದೆ. ಕಾಳಿದಾಸ, ಭಾರವಿ ಇಬ್ಬರ ಹೆಸರೂ ಇದೆ. ಅವರ ಕೀರ್ತಿಗೆ ತಾನು ಸಮ ಅಂತ ರವಿಕೀರ್ತಿ ಹೇಳಿಕೊಂಡಿದ್ದಾನೆ. ಕಾಳಿದಾಸ 634ಕ್ಕಿಂತ ಹಿಂದಿನವನು ಅಂತ ಹೇಳೋಕೆ ವಿದ್ವಾಂಸರಿಗೆ ಗಟ್ಟಿ ಆಧಾರ ಆಗಿದ್ದೇ ಈ ಕಲ್ಲು.

ನಿಪ್ಪಾಣಿಯಿಂದ
ಜೈ ಭೀಮ್ ಎಲ್ಲರಿಗೂ. ಚರ್ಚೆ ಓದಿ ಖುಷಿಯಾಯ್ತು. ಒಂದು ಮಾತು ಹೇಳಬೇಕು. ನೀವೆಲ್ಲಾ ಶತಮಾನ, ಶೈಲಿ ಅಂತ ಮಾತಾಡ್ತಿದ್ದೀರಿ. ನಮ್ಮ ಮನೆಯವರಿಗೆ ಅದು ಬುದ್ಧನ ಜಾಗ. ಬಾಬಾಸಾಹೇಬರು 1925ರಲ್ಲಿ ನಮ್ಮ ನಿಪ್ಪಾಣಿಗೆ ಬಂದು ಪರಿಷತ್ತಿನಲ್ಲಿ ಮಾತಾಡಿದ್ದರು. ನಮ್ಮ ಅಜ್ಜ ಅದನ್ನು ಹೇಳ್ತಾ ಇದ್ದರು. 1956ರ ಅಕ್ಟೋಬರ್ 14ಕ್ಕೆ ನಾಗಪುರದಲ್ಲಿ ಅವರು ದೀಕ್ಷೆ ತೆಗೆದುಕೊಂಡ ಮೇಲೆ ನಮ್ಮ ಮನೆತನವೂ ಬುದ್ಧನ ಕಡೆ ಬಂತು.

ನಮ್ಮ ಜಿಲ್ಲೆಯಿಂದ ಅರ್ಧ ದಿನದ ದಾರಿಯಲ್ಲಿ 1,400 ವರ್ಷದ ಬುದ್ಧ ಗುಡಿ ಇದೆ ಅಂತ ನಾನು ದೊಡ್ಡವನಾಗುವವರೆಗೂ ಯಾರೂ ಹೇಳಿರಲಿಲ್ಲ. ಮೊದಲ ಸಲ ತಾಯಿಯನ್ನು ಕರೆದುಕೊಂಡು ಹೋದೆ. ಗುಡ್ಡ ಹತ್ತೋಕೆ ಅವರಿಗೆ ಕಷ್ಟ ಆಯ್ತು, ಆದರೂ ಹತ್ತಿದರು. ಮೇಲಿನ ಚಾವಣಿ ನೋಡಿ ಬಹಳ ಹೊತ್ತು ಕೈ ಮುಗಿದು ನಿಂತುಬಿಟ್ಟರು. ಮೇಣದಬತ್ತಿ ತಂದಿದ್ದರು, ಹಚ್ಚಿದೆವು. ನಿಮ್ಮ ಶಾಲೆಯಲ್ಲಿ ಬೌದ್ಧ ಮನೆಯ ಮಕ್ಕಳೂ ಇರಬಹುದು ಟೀಚರ್. ಅವರಿಗೆ ಇದು ಬರೀ ಕಟ್ಟಡ ಅಲ್ಲ ಅನ್ನೋದು ನಿಮ್ಮ ಮಾತಿನಲ್ಲಿ ಬರಲಿ.

ಬಾದಾಮಿ ಕಾಕಾ
ತಮ್ಮಾ, ನಿನ್ನ ತಾಯಿಯ ಭಕ್ತಿಗೆ ನಮಸ್ಕಾರ. ಆದರೆ ಮೇಣದಬತ್ತಿ ಬೇಡಪ್ಪಾ. ನಾನು ಗುಹೆಗಳ ಊರಲ್ಲೇ ಹುಟ್ಟಿ ಬೆಳೆದವನು. ಹೊಗೆ, ಎಣ್ಣೆ, ಮೇಣ ಮರಳುಗಲ್ಲಿಗೆ ಇಳಿದರೆ ಹೋಗೋದಿಲ್ಲ. ಕಲ್ಲಿನ ಸಣ್ಣ ರಂಧ್ರಗಳಲ್ಲಿ ಕೂತುಬಿಡುತ್ತೆ. ಕಪ್ಪು ಕಟ್ಟಿದ್ದನ್ನು ತೊಳೆಯೋಕೆ ಹೋದರೆ ಕೆತ್ತನೆಯೇ ಸವೆಯುತ್ತೆ.

ನಿಪ್ಪಾಣಿಯಿಂದ
ಕಾಕಾ, ಬೇರೆ ಗುಡಿಗಳಲ್ಲಿ ದೀಪ ಹಚ್ಚೋದಿಲ್ಲವಾ? ಪಟ್ಟದಕಲ್ಲಿನ ವಿರೂಪಾಕ್ಷನಿಗೆ ಪೂಜೆ ನಡೆಯುತ್ತೆ. ನಾವು ಒಂದು ಬತ್ತಿ ಹಚ್ಚಿದರೆ ಮಾತ್ರ ಕಲ್ಲು ಹಾಳಾಗುತ್ತಾ?

ಬಾದಾಮಿ ಕಾಕಾ
ವಿರೂಪಾಕ್ಷನ ಗುಡಿಯಲ್ಲಿ ಪೂಜೆ ನಡೆದುಕೊಂಡು ಬಂದಿದೆ, ಅದು ಬೇರೆ. ಹಾಗಂತ ಅಲ್ಲಿಯ ಹೊಗೆಯೂ ಒಳ್ಳೇದು ಅಂತ ನಾನು ಹೇಳೋದಿಲ್ಲ. ಐಹೊಳೆ ಗುಡಿಯ ಒಳಗೆ ಹಚ್ಚುವ ಬದಲು ಹೂವು ಇಟ್ಟು ಬನ್ನಿ. ಬುದ್ಧನಿಗೆ ಹೂವೂ ಸಲ್ಲುತ್ತದಲ್ಲ.

ಬೈಲಹೊಂಗಲ ಟೀಚರ್
ನಿಪ್ಪಾಣಿ ಅಣ್ಣಾರೇ, ನಿಮ್ಮ ಮಾತು ಮನಸ್ಸಿಗೆ ತಟ್ಟಿತು. ಮಕ್ಕಳು ಅಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಲಿ, ಐದು ನಿಮಿಷ ಸುಮ್ಮನೆ ಕೂರಲಿ. ಆಮೇಲೆ ಪಾಠ. ಇದು ಸರಿ ಅನ್ನಿಸುತ್ತಾ?

ನಿಪ್ಪಾಣಿಯಿಂದ
ಅಷ್ಟು ಮಾಡಿದರೆ ಸಾಕು ಅಕ್ಕಾರೇ. ಹೂವು ಇಡೋದಕ್ಕೂ ನನ್ನ ಒಪ್ಪಿಗೆ ಇದೆ ಕಾಕಾ.

ಕಲಾದಗಿ ತೋಟ
ಕಲ್ಲಿನ ಮಾತು ಬಂದಿದ್ದಕ್ಕೆ ಹೇಳ್ತೀನಿ. ನಮ್ಮ ಊರಿನ ಹೆಸರನ್ನೇ ಭೂವಿಜ್ಞಾನದವರು ಈ ಸೀಮೆಯ ಕಲ್ಲಿಗೆ ಇಟ್ಟಿದ್ದಾರೆ. ಬಾದಾಮಿ, ಐಹೊಳೆ ಕಡೆಯ ಮರಳುಗಲ್ಲು ಕಲಾದಗಿ ಶಿಲಾ ಸಮೂಹಕ್ಕೆ ಸೇರಿದ್ದು. ಪದರ ಪದರವಾಗಿ ಇರೋದರಿಂದ ಚಪ್ಪಡಿಯಾಗಿ ಎಬ್ಬಿಸೋಕೆ ಸುಲಭ, ಉಳಿಗೂ ಬಗ್ಗುತ್ತೆ. ಹಾಗಾಗಿ ಇಲ್ಲಿ ಕಲ್ಲುಕುಟಿಗರು ಇಷ್ಟೊಂದು ಪ್ರಯೋಗ ಮಾಡೋಕೆ ಸಾಧ್ಯ ಆಯ್ತು. ಜನರಿಗೆ ಕಲಾದಗಿ ಅಂದ್ರೆ ಚಿಕ್ಕು, ದಾಳಿಂಬೆ ಅಷ್ಟೇ ಗೊತ್ತು.

ಗೋಕಾಕ ಗಿರಣಿ
ಚಿಕ್ಕು ಅಂದ್ರಲ್ಲ, ತಿನ್ನೋ ಮಾತೂ ಆಗಲಿ. ಮಕ್ಕಳನ್ನು ಕರೆದುಕೊಂಡು ಹೋದಾಗ ಕರದಂಟು ಗೋಕಾಕದ್ದೇ ಒಯ್ಯಿರಿ ಟೀಚರ್. ಬೈಲಹೊಂಗಲದಲ್ಲೂ ಸಿಗುತ್ತೆ.

ಹುನಗುಂದದ ಹುಡುಗ
ಐಹೊಳೆಗೆ ಹೋಗಿ ಗೋಕಾಕದ ಕರದಂಟು ತಿನ್ನೋದಾ? ಅಮೀನಗಡ ಅಲ್ಲೇ ಪಕ್ಕದಲ್ಲಿದೆ. ಅಂಟು, ಬೆಲ್ಲ, ಒಣಹಣ್ಣು ಹಾಕಿ ಮಾಡೋದರಲ್ಲಿ ಅಮೀನಗಡದವರನ್ನು ಮೀರಿಸಿದವರಿಲ್ಲ. ಬಸ್ ಅಲ್ಲಿಂದಲೇ ಬರಲಿ, ಇಳಿದು ತೆಗೆದುಕೊಳ್ಳಿ.

ಗೋಕಾಕ ಗಿರಣಿ
ಗೋಕಾಕದ್ದು ತಿಂದು ನೋಡಿ ಆಮೇಲೆ ಮಾತಾಡಿ.

ಮಲಪ್ರಭಾ ದಂಡೆ
ಕರದಂಟಿಗೆ ಬೇರೆ ಚರ್ಚೆ ಶುರು ಮಾಡಿ ಇಬ್ಬರೂ. ಇಲ್ಲಿ ಗುಡಿ ಮಾತು ಮುಗಿದಿಲ್ಲ.

ಟೀಚರ್, ದುರ್ಗ ಗುಡಿಯನ್ನು ಬೌದ್ಧ ಗುಡಿ ನೋಡಿದ ಮೇಲೆ ತೋರಿಸಿ, ಮೊದಲು ಬೇಡ. ಆ ಗುಡಿಯ ಹಿಂಭಾಗ ಅರ್ಧ ಚಂದ್ರನ ಹಾಗೆ ದುಂಡಗಿದೆ. ಗಜಪೃಷ್ಠ ಅಂತಾರೆ. ಬೌದ್ಧರ ಚೈತ್ಯಗಳಲ್ಲಿ, ಅಂದ್ರೆ ಪ್ರಾರ್ಥನೆಯ ಮಂಟಪಗಳಲ್ಲಿ, ಸ್ತೂಪ ಇಡುವ ಕಡೆ ಹೀಗೇ ದುಂಡಗಿರುತ್ತಿತ್ತು, ಸುತ್ತ ಪ್ರದಕ್ಷಿಣೆ ಹಾಕೋಕೆ ದಾರಿ ಇರುತ್ತಿತ್ತು. ದುರ್ಗ ಗುಡಿ ಬೌದ್ಧರದಲ್ಲ. ಆದರೆ ಆ ನಕ್ಷೆಯ ನೆನಪು ಅದರಲ್ಲಿದೆ. ಹಾಗಾಗಿ "ಇಲ್ಲಿ ಬೌದ್ಧರದ್ದು ಒಂದೇ ಗುಡಿ ಉಳಿದಿದೆ" ಅನ್ನೋ ಮಾತಿಗೆ ಇದನ್ನೂ ಸೇರಿಸಿ ಹೇಳಬೇಕು. ಗುಡಿ ಒಂದೇ ಇರಬಹುದು, ಕಟ್ಟುವವರ ಕೈಯಲ್ಲಿ ಬೌದ್ಧರಿಂದ ಬಂದ ರೂಪ ಉಳಿದಿತ್ತು.

ಚಡಚಣದವ
ಇದು ಒಪ್ಪತಕ್ಕ ಮಾತು. ಹೀಗೆ ಹೇಳಿದರೆ ಮಕ್ಕಳಿಗೂ ಅರ್ಥ ಆಗುತ್ತೆ. ಆದರೆ ಕರ್ನಾಟಕದಲ್ಲಿ ಬೌದ್ಧ ಧರ್ಮ ಐಹೊಳೆಯಿಂದ ಶುರುವಾಯ್ತು ಅಂತ ಯಾರೂ ತಿಳಿಯಬಾರದು. ಅದಕ್ಕಿಂತ ಎಂಟುನೂರು ವರ್ಷ ಹಿಂದೆ ಅಶೋಕ ಇದ್ದ. ನಮ್ಮ ಭೀಮಾ ನದಿ ಕೆಳಗೆ ಸನ್ನತಿಯಲ್ಲಿ ಅಶೋಕನ ಶಾಸನ ಸಿಕ್ಕಿದೆ. ಅಶೋಕ ಅನ್ನೋ ಹೆಸರು ಮೊದಲು ಸಿಕ್ಕಿದ್ದೂ ಅಲ್ಲೇ.

ಶಾಸನದ ಹಾದಿ
ಹೆಸರು ಮೊದಲು ಸಿಕ್ಕಿದ್ದು ಮಸ್ಕಿಯಲ್ಲಿ. ರಾಯಚೂರು ಜಿಲ್ಲೆ, 1915. ಚಿನ್ನದ ಗಣಿ ಹುಡುಕುತ್ತಿದ್ದ ಬೀಡನ್ ಅನ್ನೋ ಎಂಜಿನಿಯರ್ ಕಣ್ಣಿಗೆ ಬಿತ್ತು. ಅದಕ್ಕೂ ಮೊದಲು ಸಿಕ್ಕ ಶಾಸನಗಳಲ್ಲಿ "ದೇವಾನಾಂಪ್ರಿಯ ಪ್ರಿಯದರ್ಶಿ" ಅಂತ ಇರುತ್ತಿತ್ತು. ಮಸ್ಕಿಯಲ್ಲಿ ಅಶೋಕ ಅಂತಲೇ ಇದೆ.

ಸನ್ನತಿಯದ್ದು ಬೇರೆ ಕಥೆ, ಅದೂ ದೊಡ್ಡದೇ. 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿ ಗುಡಿಯ ಚಾವಣಿ ಕುಸಿದು ಮೂರ್ತಿ ಒಡೆಯಿತು. ಅದಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ ನೋಡಿದರೆ ಅಶೋಕನ ಶಾಸನ! ಆಮೇಲೆ ಪಕ್ಕದ ಕನಗನಹಳ್ಳಿಯಲ್ಲಿ ಅಗೆದಾಗ ದೊಡ್ಡ ಸ್ತೂಪ ಸಿಕ್ಕಿತು. ಅದರ ಒಂದು ಫಲಕದಲ್ಲಿ ರಾಜ, ರಾಣಿ, ಪರಿವಾರದವರನ್ನು ಕೆತ್ತಿ, ರಾಜ ಅಶೋಕ ಅಂತ ಬ್ರಾಹ್ಮಿ ಲಿಪಿಯಲ್ಲಿ ಬರೆದಿದ್ದಾರೆ. ಹೆಸರು ಹಾಕಿದ ಅಶೋಕನ ಚಿತ್ರ ಅದು.

ಚಡಚಣದವ
ಹಾಗಿದ್ದರೆ ಮುಂದಿನ ವರ್ಷದ ಪ್ರವಾಸ ಸನ್ನತಿಗೆ ಆಗಲಿ ಟೀಚರ್. ನಮ್ಮ ವಿಜಯಪುರ ದಾಟಿಕೊಂಡೇ ಬರಬೇಕು.

ಮಲಪ್ರಭಾ ದಂಡೆ
ಬನವಾಸಿಯನ್ನೂ ಮರೀಬೇಡಿ. ಶ್ರೀಲಂಕಾದ ಹಳೇ ಬೌದ್ಧ ಗ್ರಂಥ ಮಹಾವಂಸದಲ್ಲಿ ಅಶೋಕನ ಕಾಲದಲ್ಲಿ ರಕ್ಖಿತ ಅನ್ನೋ ಭಿಕ್ಷುವನ್ನು ವನವಾಸಕ್ಕೆ ಕಳಿಸಿದರು ಅಂತ ಇದೆ. ಅದು ನಮ್ಮ ಬನವಾಸಿ ಅಂತಲೇ ಹೇಳ್ತಾರೆ.

ಹುನಗುಂದದ ಹುಡುಗ
ಒಂದು ಬೇಜಾರಿನ ವಿಷಯ. ಈ ಕಡೆಯ ಗುಡಿಗಳಲ್ಲಿ ಕಂಬದ ಮೇಲೆ ಹೆಸರು ಗೀಚಿರೋದು ನೀವೂ ನೋಡಿರಬೇಕು. ಹುಡುಗನ ಹೆಸರು, ಹುಡುಗಿಯ ಹೆಸರು, ನಡುವೆ ಬಾಣದ ಗುರುತು. ನೋಡಿದರೆ ಹೊಟ್ಟೆ ಉರಿಯುತ್ತೆ. ಆರನೇ ಶತಮಾನದ ಕಂಬವನ್ನು ಯಾರು ಮತ್ತೆ ಮಾಡಿಕೊಡ್ತಾರೆ? ಮಕ್ಕಳಿಗೆ ಮೊದಲೇ ಹೇಳಿ: ಇದು ಕಾನೂನು ಪ್ರಕಾರವೂ ಅಪರಾಧ. 1958ರ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಆದ ಮೇಲೆ ಸಂರಕ್ಷಿತ ಸ್ಮಾರಕ ಹಾಳು ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಇಂಡಿ ನಿಂಬೆತೋಟ
ಜೈಲು ಅಂತ ಹೆದರಿಸೋದಕ್ಕಿಂತ, ಬಾಗಿಲವಾಡದ ಒಂದು ಚೌಕವನ್ನು ನೋಡಿ ಪೆನ್ಸಿಲ್‌ನಲ್ಲಿ ಚಿತ್ರ ಬರೆಯೋಕೆ ಹೇಳಿ. ಅರ್ಧ ಗಂಟೆ ಕೂತು ಬರೆದ ಹುಡುಗ ಆ ಕಲ್ಲಿನ ಮೇಲೆ ಗೀಚೋದಿಲ್ಲ. ನಮ್ಮ ಶಾಲೆಯ ಚಿತ್ರಕಲೆ ಸರ್ ಗೋಳಗುಮ್ಮಟದಲ್ಲಿ ನಮ್ಮ ಕೈಲಿ ಹಾಗೇ ಮಾಡಿಸಿದ್ದರು. ಇವತ್ತಿಗೂ ಆ ಮೂಲೆಯ ಕಮಾನು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ.

ಬೈಲಹೊಂಗಲ ಟೀಚರ್
ಎಷ್ಟು ಒಳ್ಳೇ ಸಲಹೆ! ಖಂಡಿತ ಮಾಡಿಸುತ್ತೇನೆ. ಆದರೆ ಮಕ್ಕಳು ತುಂಬಾ ಜನ ಇದ್ದಾರೆ, ಬಾಗಿಲ ಮುಂದೆ ಎಲ್ಲರಿಗೂ ಜಾಗ ಸಾಲೋದಿಲ್ಲ. ಒಂದು ಗುಂಪು ಬಾಗಿಲವಾಡದ ಹತ್ತಿರ ಕೂತಾಗ ಇನ್ನೊಂದು ಗುಂಪು ಮೇಲೆ ಶಾಸನದ ಕಡೆ ಹೋಗಲಿ. ಆಮೇಲೆ ಅದಲು ಬದಲು. ಬಾದಾಮಿಯಿಂದ ಬೆಳಗ್ಗೆ ಎಷ್ಟು ಹೊತ್ತಿಗೆ ಹೊರಟರೆ ಒಳ್ಳೇದು?

ಬಾದಾಮಿ ಕಾಕಾ
ಏಳಕ್ಕೆ ಬಿಡಿ. ಪಟ್ಟದಕಲ್ಲು ದಾರಿಯಲ್ಲೇ ಬರುತ್ತೆ, ಆದರೆ ಹೋಗುವಾಗ ನಿಲ್ಲಿಸಬೇಡಿ. ಸೀದಾ ಐಹೊಳೆಗೆ ಹೋಗಿ ಮೊದಲು ಗುಡ್ಡ ಹತ್ತಿಸಿ. ಡಿಸೆಂಬರ್ ಆದರೂ ಹನ್ನೊಂದರ ಮೇಲೆ ಬಂಡೆ ಕಾಯುತ್ತೆ. ಗುಡ್ಡ ಇಳಿದು ದುರ್ಗ ಗುಡಿ, ಆಮೇಲೆ ಊಟ. ವಾಪಸ್ ಬರುವಾಗ ಪಟ್ಟದಕಲ್ಲು. ಕುಡಿಯೋ ನೀರು ಕೆಳಗಿಂದಲೇ ಒಯ್ಯಬೇಕು. 15 ವರ್ಷದ ಒಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ಆದರೂ ಶಾಲೆಯ ಪತ್ರ ಇಟ್ಟುಕೊಳ್ಳಿ.

ಶಾಸನದ ಹಾದಿ
ದುರ್ಗ ಗುಡಿಯ ಆವರಣದಲ್ಲೇ ಮ್ಯೂಸಿಯಂ ಇದೆ. ಐಹೊಳೆ ಸುತ್ತ ಸಿಕ್ಕ ಮೂರ್ತಿಗಳನ್ನು ಅಲ್ಲಿ ಇಟ್ಟಿದ್ದಾರೆ. ಅದಕ್ಕೂ ಸ್ವಲ್ಪ ಹೊತ್ತು ಇಟ್ಟುಕೊಳ್ಳಿ. ಯಾವ ವಾರ ಹೋಗ್ತೀರಿ?

ಬೈಲಹೊಂಗಲ ಟೀಚರ್
ಶುಕ್ರವಾರ ಅಂತ ಮಾತಾಗಿದೆ.

ಶಾಸನದ ಹಾದಿ
ಶುಕ್ರವಾರ ಮ್ಯೂಸಿಯಂ ಮುಚ್ಚಿರುತ್ತೆ. ಗುರುವಾರ ಮಾಡಿಕೊಳ್ಳಿ.

ಬೈಲಹೊಂಗಲ ಟೀಚರ್
ನಾಳೆಯೇ ಹೆಡ್ ಮಾಸ್ತರಿಗೆ ಹೇಳಿ ಗುರುವಾರಕ್ಕೆ ಬದಲಾಯಿಸುತ್ತೇನೆ. ಬಸ್ಸಿನವರಿಗೂ ಇವತ್ತೇ ಫೋನ್ ಮಾಡ್ತೀನಿ.